ಹುಲಗೆಮ್ಮ ಮೀನುಮರಿ ಹೊತ್ತದ್ದು

ಹುಲಗೆಮ್ಮ ತಲೆಯ ಮೇಲೆ ಕೊಡ ಹೊತ್ತು ನಡೆದರೆ, ತಾನು ಹೊರಟಿದ್ದೇನೆಂದು ನೀರಿಗೇ ಗೊತ್ತಾಗುತ್ತಿರಲಿಲ್ಲ. ಕುಕನೂರು ಸೀಮೆಯ ಆ ಸಣ್ಣ ಊರಿಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷ. ಒಂದು ಹನಿ ತುಳುಕಿಸಿದವಳಲ್ಲ. ಅದರ ಜಂಬವೂ ಇತ್ತು ಅನ್ನಿ. ಇರಲಿ ಬಿಡಿ, ಬಡವರಿಗೆ ಜಂಬಪಡಲು ಇನ್ನೇನಿರುತ್ತದೆ?

ಆ ವರ್ಷವೂ ಅವಳ ಗಂಡ ದ್ಯಾವಪ್ಪ ಸರಿಯಾಗಿ ಬಿತ್ತುವ ಹೊತ್ತಿಗೇ ಹಾಸಿಗೆ ಹಿಡಿದಿದ್ದ. ನಾರುಹುಣ್ಣು. ಮೊಣಕಾಲ ಕೆಳಗೆ ಒಡೆದ ಹುಣ್ಣಿನಿಂದ ಬಿಳಿ ದಾರದಂಥ ಹುಳ ಹೊರಬರುತ್ತಿತ್ತು. ಹುಲಗೆಮ್ಮ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಷ್ಟು ಎಳೆಯುತ್ತಿದ್ದಳು. ಮೂರು ವರ್ಷದಿಂದ ಇದೇ ಪಾಡು. ಇನ್ನೊಂದು ಸಲ ಬಂದರೆ ಅವನ ಕಾಲು ಹೋದಂತೆಯೇ ಎಂದು ಅವಳಿಗೆ ಹೆದರಿಕೆ.

ಊರೂರಿಗೆ ಬಂದು ಸಿಡುಬು ಬಾರದಂತೆ ದೇವಿ ಹಾಕುತ್ತಿದ್ದ ಸರ್ಕಾರಿ ನೌಕರ ಮಕ್ಬುಲಸಾಬ ಆ ಕಾಲು ನೋಡಿ ಹೇಳಿದ: "ನೀವು ಕುಡಿಯೋ ಹೊಂಡದಾಗ ಕಣ್ಣಿಗಿ ಕಾಣದಂಥ ಹುಳ ಅದಾವವ್ವ. ನೀರಿನ ಕೂಡ ಹೊಟ್ಟಿಗಿ ಹೋಗಿ ವರ್ಷಕ್ಕ ಹಿಂಗ ಹೊರಗ ಬರತಾವ. ಹಳ್ಳದಾಗಿನ ಮೀನಮರಿ ತಂದು ಬಿಡ್ರಿ, ಅವು ತಿಂತಾವ."

ಇದು ಬಲವಂತದ ಬಿಟ್ಟಿ ಚಾಕರಿಯಲ್ಲ, ಕೂಲಿಯೂ ಇಲ್ಲ. ಆದರೂ ಏಳು ಮಂದಿ ಹೆಂಗಸರು ಸೆರಗು ಕಟ್ಟಿದರು. ಹಿರೇಹಳ್ಳದ ಮಡುವಿನಲ್ಲಿ ಮಕ್ಬುಲಸಾಬ ಬಟ್ಟೆ ಒಡ್ಡಿ ಹಿಡಿದ ಮರಿಗಳು ಉಗುರಿಗಿಂತ ದೊಡ್ಡವೇನಲ್ಲ. ಅರ್ಧಕ್ಕರ್ಧ ಮರಿಗಳನ್ನು ಹುಲಗೆಮ್ಮನ ಕೊಡಕ್ಕೇ ಸುರಿದ. ಅವಳ ನಡಿಗೆಯ ಹೆಸರು ಅವನ ಕಿವಿಗೂ ಬಿದ್ದಿತ್ತಲ್ಲ.

ಎರಡು ಹರದಾರಿ ದಾರಿ. ನಡುವೆ ಬೇವಿನ ಮರದ ಕೆಳಗೆ ಹುಲಗೆಮ್ಮ ಕೊಡ ಇಳಿಸಿ ನೋಡಿದಳು. ಮರಿಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಕ್ಕದಲ್ಲಿ ಜೊತೆಗೆ ಬಂದಿದ್ದ ಕುಂಟಿ ದುರುಗವ್ವನ ಕೊಡ ಅರ್ಧ ಖಾಲಿ, ಸೀರೆಯೆಲ್ಲ ಒದ್ದೆ. ಒಳಗೆ ಮರಿಗಳು ಮಾತ್ರ ಸರಸರ ಓಡುತ್ತಿದ್ದವು.

"ನಿನ್ನವು ಹೆಂಗ ಛಲೋ ಅದಾವು?"

"ನನಗೇನ ಗೊತ್ತಕ್ಕಾ. ನಾ ಕುಂಟಿದಂಗೆಲ್ಲಾ ಕೊಡ ಕುಣಿತೈತಿ."

ಮಕ್ಬುಲಸಾಬ ಹಣೆ ಬಡಿದುಕೊಂಡ. "ತಪ್ಪು ನಂದವ್ವ. ನೀರು ಅಲುಗಾಡಿದರ ಅದರಾಗ ಗಾಳಿ ಸೇರತೈತಿ. ನೀ ಅಲುಗಾಡಿಸಲಿಲ್ಲ, ಇವಕ್ಕ ಉಸುರಿಲ್ಲ."

ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಕಟ್ಟಿದವರು ಮೀನು ಹೊತ್ತವರಲ್ಲ ಬಿಡಿ. ಹುಲಗೆಮ್ಮ ಕೊಡವನ್ನು ಸೊಂಟಕ್ಕೆ ಏರಿಸಿ, ಅಂಗೈಯಿಂದ ನೀರು ಬಡಿಯುತ್ತ, ಕುಲುಕುತ್ತ ಹೊರಟಳು. ಮೊದಮೊದಲು ಕೈ ಒಗ್ಗಲೇ ಇಲ್ಲ. ಹನ್ನೆರಡು ವರ್ಷದ ಅಭ್ಯಾಸ ಹಿಡಿದು ಜಗ್ಗುತ್ತಿತ್ತು. ಊರ ಅಗಸಿ ಬಾಗಿಲಲ್ಲಿ ಅತ್ತೆ ಹೊಳಿಯಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. "ಇದೇನವಾ ನಿನ್ನ ಅವತಾರ?" ಎಂದಳು. ಜನ ನಕ್ಕರು. ಸೊಸೆಗೆ ನಾಚಿಕೆಯಾಯಿತು, ಆದರೆ ಕೈ ನಿಲ್ಲಿಸಲಿಲ್ಲ.

ಹೊಂಡದ ಕೊನೆಯ ಮೆಟ್ಟಿಲಲ್ಲಿ ಕೂತು ಕೊಡ ಬಗ್ಗಿಸಿದಳು. ಸತ್ತವು ಬೆರಳೆಣಿಕೆಯಷ್ಟು. ಉಳಿದವು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಹಸಿರು ನೀರಿನೊಳಗೆ ಚೆದುರಿಹೋದವು. ಒಂದು ಮಾತ್ರ ಅವಳ ಕಾಲ ಬಳಿಯೇ ಉಳಿಯಿತು. ಬರಿದಾಗಿ ಕಾಣುವ ನೀರಿನಲ್ಲಿ ಅದು ಬಾಯಿ ಹಾಕಿ ಏನನ್ನೋ ಹಿಡಿಯಿತು. ಸರಿದು ಮತ್ತೊಂದನ್ನು ಹಿಡಿಯಿತು.

ಹುಲಗೆಮ್ಮ ಕಣ್ಣು ಕೀಲಿಸಿ ನೋಡಿದಳು. ಎರಡು ಎತ್ತಿನ ಗಳೆ ಹೂಡುವ ಗಂಡಸನ್ನು ನೆಲಕ್ಕೆ ಕೆಡವಿದ ಆ ನೀರೊಳಗಿನ ಹುಳ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಈ ಉಗುರಿನಷ್ಟು ಜೀವಕ್ಕೆ ಅದು ಕಾಣುತ್ತಿತ್ತು. ಒದ್ದೆ ಸೆರಗಿನಲ್ಲೇ ಕೈ ಮುಗಿದು ನೀರಿಗೆ ಬಗ್ಗಿದಳು.

"ತಿನ್ನವ್ವ," ಎಂದಳು ಮೆಲ್ಲಗೆ, "ಹೊಟ್ಟಿ ತುಂಬ ತಿನ್ನು."