ಓಕ್ ಕಾಡಿನ ಝಡತಿ

"ಲಂಗ ಒದರ್ರೇ ಕಳ್ ಮುಂಡೇರಾ. ಒಂದು ಬೀಜ ಬಿದ್ರೂ ಇಲ್ಲೇ ಹೂಳ್ತೀನಿ."

ಫಾರೆಸ್ಟರ್ ತೊಮೆಲ್ಯಾಕ್ ಜೀಪಿಗೆ ಒರಗಿಕೊಂಡು ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಎದುರಿಗೆ ಜಿಪ್ಸಿ ಕೇರಿಯ ಒಂಬತ್ತು ಹೆಂಗಸರು. ಸ್ಮಿಲ್ಯಾ ಲಂಗ ಕೊಡವಿದಳು. ಬಿದ್ದದ್ದು ಅರ್ಧ ಈರುಳ್ಳಿ. ಪಕ್ಕದಲ್ಲಿ ಎಪ್ಪತ್ತು ದಾಟಿದ ಕಾತಾ ಅಜ್ಜಿಯೂ ಲಂಗ ಎತ್ತಿ ಕೊಡವಿದಾಗ ಜೀಪಿನ ಚಾಲಕ ಕಿಸಕ್ಕನೆ ನಕ್ಕ. ಸ್ಮಿಲ್ಯಾಗೆ ಮೈಯೆಲ್ಲ ಉರಿದುಹೋಯಿತು.

ಸಾವಾ ನದಿಯ ಬಯಲಲ್ಲಿ ಮುದಿ ಓಕ್ ಮರ ಕಡಿಸಿದ ಜಾಗಕ್ಕೆ ಎಲೆ ಉದುರುವ ಕಾಲದಲ್ಲಿ ಬೀಜ ಊರಿದವರು ಇವರೇ. ಕೋಲಿನಲ್ಲೊಂದು ಕುಳಿ, ಕುಳಿಗೊಂದು ಬೀಜ, ಮೇಲೆ ಹಿಮ್ಮಡಿಯ ಒಂದು ಒತ್ತು. ವಸಂತ ಬಂದರೂ ಅರ್ಧ ನೆಲ ಬೋಳಾಗಿಯೇ ಇತ್ತು; ಅಲ್ಲಿ ಮತ್ತೆ ಅಗೆದು ಬೀಜ ಊರಲೆಂದೇ ಇವರು ಗುದ್ದಲಿ ಹಿಡಿದು ಬಂದಿದ್ದರು. ಹೋದ ವರ್ಷದ ಸಸಿಗಳ ಬುಡದ ತೊಗಟೆಯೂ ಮಾಯವಾಗಿತ್ತು.

ಅಜ್ಜಿ ಮೊದಲೇ ಹೇಳಿದ್ದಳು: "ನರೀನೆಲ್ಲ ಹೊಡ್ದಾಕುದ್ರೆ ಇಲಿ ಹಿಡಿಯೋರ್ಯಾರು ಧಣಿ?" ತೊಮೆಲ್ಯಾಕ್ ಚಳಿಗಾಲವೆಲ್ಲ ನೆಂಟರನ್ನು ಬೇಟೆಗೆ ಕರೆಸಿ ಕಚೇರಿಯ ಗೋಡೆ ತುಂಬ ನರಿದೊಗಲು ಹೊಡೆಸಿಕೊಂಡಿದ್ದ. "ನಿಮ್ ಕೇರಿ ಹಂದಿಗಿಂತ ದೊಡ್ಡ ಇಲಿ ಯಾವ್ದೈತೆ?" ಎಂದು ನಕ್ಕಿದ್ದ.

ಇವತ್ತು ನಗರದಿಂದ ಮೇಲಧಿಕಾರಿ ಬರುವವನಿದ್ದ. ಅಷ್ಟರೊಳಗೆ ಕಳ್ಳರು ಬೇಕಾಗಿದ್ದರು. ಇವರೇ ಕಳ್ಳರೆಂದು ಬರೆದುಬಿಟ್ಟರೆ ಕೂಲಿ ಹೋಯಿತು, ಪುರಲೆ ಆಯಲು ಕಾಡಿಗೆ ಕಾಲಿಡುವುದೂ ಹೋಯಿತು. ಜನವರಿಯಲ್ಲಿ ಒಲೆ ಆರಿದರೆ ಅಜ್ಜಿಯೂ ಆರಿದಂತೆಯೇ.

ಕಾರು ಬಂತು. ತೊಮೆಲ್ಯಾಕ್ ಗರಿ ಸಿಕ್ಕಿಸಿದ ಹಸಿರು ಟೋಪಿಯನ್ನು ಬಾನೆಟ್ಟಿನ ಮೇಲಿಟ್ಟು ನಡು ಬಗ್ಗಿಸಿದ.

"ಇವ್ರೇ ನೋಡಿ ಸಾರ್, ಬೀಜ ಕದ್ದೋರು."

ಸ್ಮಿಲ್ಯಾ ಗುದ್ದಲಿ ಎತ್ತಿಕೊಂಡಳು. ಚಾಲಕ ಹಿಂದೆ ಸರಿದ. ಅವಳು ಅವನನ್ನು ನೋಡಲೂ ಇಲ್ಲ. ಪಕ್ಕದ ಮರದ ಮೋಟಿನ ಬುಡದ ಹುಲ್ಲು ಸರಿಸಿ ಬಿಲ ಅಗೆದಳು. ಬೊಗಸೆಗಟ್ಟಲೆ ಓಕ್ ಬೀಜ ಬಂತು, ಜೊತೆಗೊಂದು ಹುಲ್ಲಿನ ಗೂಡು, ಗೂಡಿನಲ್ಲಿ ಕಣ್ಣು ಬಿಡದ ಆರು ಇಲಿಮರಿ. ಎಲ್ಲವನ್ನೂ ಹಸಿರು ಟೋಪಿಗೆ ಸುರಿದು ಮೇಲಧಿಕಾರಿಯ ಮೂಗಿನಡಿ ಹಿಡಿದಳು.

"ಕಳ್ರು ಸಿಕ್ಕವ್ರೆ ಸಾಮಿ. ಇವ್ರ ಲಂಗಾನೂ ಒದರ್ಸಿ."

ಮೇಲಧಿಕಾರಿ ಟೋಪಿಯೊಳಗೆ ಇಣುಕಿದ. ಆಮೇಲೆ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, "ಈ ಹೆಂಗಸಿನ ಹೆಸ್ರು ಬರ್ಕೊಳ್ಳಿ. ನಾಳೆಯಿಂದ ಬರೋದು ಬೇಡ" ಎಂದ.

"ಬರ್ಕಳಿ. ಒಂಬತ್ತು ಹೆಸ್ರೂ ಬರ್ಕಳಿ" ಎಂದಳು ಅಜ್ಜಿ.

ಉಳಿದ ಹೆಂಗಸರು ಒಬ್ಬೊಬ್ಬರಾಗಿ ಗುದ್ದಲಿ ಎತ್ತಿಕೊಂಡರು. ಜೀಪಿನ ಸುತ್ತ ಒಂದೊಂದೇ ಬಿಲ ಬಾಯಿಬಿಟ್ಟಿತು. ಅಗೆದದ್ದೆಲ್ಲ ಟೋಪಿಗೇ ಬಿತ್ತು. ಟೋಪಿ ತುಂಬಿ ಚೆಲ್ಲಿದಾಗ ಕಾತಾ ಅಜ್ಜಿ ನಿಧಾನಕ್ಕೆ ಬಂದು ತೊಮೆಲ್ಯಾಕನ ಎದುರು ಕೈ ಚಾಚಿದಳು.

"ಟೋಪಿ ತುಂಬೋಯ್ತು ಧಣಿ. ಷರಾಯಿ ಬಿಚ್ಕೊಡಿ."