ಯೋಧನ ಮೈ

“ಸ್ವಲ್ಪ ಓರೆ ಮಾಡಿ, ಕಾಲಿನ ಕಡೆ ಮೊದಲು ಬರಲಿ,” ಎಂದು ಸಿರಿಲ್ ಹೇಳುತ್ತಿದ್ದಂತೆ ನಾಲ್ವರು ಸೇರಿ ರೊಸಾರಿಯೊ ಅವರ ಶವಪೆಟ್ಟಿಗೆಯನ್ನು ಬಾಗಿಲಿನಿಂದ ಜಗಲಿಗೆ ದಾಟಿಸಿದರು. ಲವೀನಾ ಬಾಗಿಲು ಹಿಡಿದು ನಿಂತಿದ್ದಳು. ಪೆಟ್ಟಿಗೆಯಲ್ಲಿದ್ದವರು ಅವಳ ಸೋದರಮಾವ. ತಲೆ ನರೆಯುವವರೆಗೆ ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಸಿರಿಲ್ ಅದೇ ಬಸ್ಸಿನ ಡ್ರೈವರ್.

“ಫುಟ್‌ಬೋರ್ಡಿನಲ್ಲಿ ಒಂದೇ ಕಾಲಲ್ಲಿ ನೇತಾಡಿದರೂ ಬೀಳದವನು,” ಸಿರಿಲ್ ಕಣ್ಣೊರೆಸಿಕೊಂಡರು. “ಮನೆಯ ಜಗಲಿಯಲ್ಲಿ ಬಿದ್ದನಲ್ಲ ಮಾರಾಯ.”

“ಬೀಳಿಸಿದ್ದು ನಾನು,” ಎಂದರು ಸೆಲೀನ್ ಮಾಮಿ, ಗಂಡನ ಪೆಟ್ಟಿಗೆಯ ಅಂಚನ್ನು ಬಿಡದೆ. “ನೆಲ ಒರೆಸಿ ಹಿತ್ತಿಲಿಗೆ ಹೋಗಿದ್ದೆ. ಒದ್ದೆ ಉಂಟು ಅಂತ ಒಂದು ಮಾತು ಹೇಳಲಿಲ್ಲ.”

ಸೊಂಟ ಮುರಿದು ಅವರು ಹಾಸಿಗೆ ಹಿಡಿದಂದಿನಿಂದ ಮಾಮಿ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು. ಪ್ರತಿ ಸಲವೂ ಲವೀನಾ ಬೇರೆಲ್ಲೋ ನೋಡುತ್ತಿದ್ದಳು.

* * *

ಲವೀನಾ ಓದುವ ಮಣಿಪಾಲದ ಕಾಲೇಜಿನಲ್ಲಿ ವಿಡಿಯೋ ಗೇಮಿನ ಪಾತ್ರವೊಂದನ್ನು ಅಡಿಯಿಂದ ಮುಡಿಯವರೆಗೆ, ಹೋರಾಟದ ಭಂಗಿಯಲ್ಲಿ ಬಿಡಿಸಿ ತರಲು ಹೇಳಿದ್ದರು. ಎಷ್ಟು ತಿದ್ದಿದರೂ ಲವೀನಾಳ ಯೋಧರು ಸ್ಟುಡಿಯೋದಲ್ಲಿ ಫೋಟೋಕ್ಕೆ ನಿಂತವರಂತೆ ಸೆಟೆದೇ ಇರುತ್ತಿದ್ದರು. ರಜೆಗೆ ಅಜೆಕಾರಿನ ಮಾಮನ ಮನೆಗೆ ಬಂದವಳು ಅವರ ಮುಂದೆ ಗೋಳು ತೋಡಿಕೊಂಡಳು.

“ನಾನು ನಿಲ್ತೇನೆ, ನೋಡಿ ಬಿಡಿಸು,” ಎಂದರು ಅವರು. “ಓಡುವ ಬಸ್ಸಿಗಿಂತ ಕಷ್ಟ ಉಂಟಾ?”

ಜಗಲಿಯಲ್ಲಿ ಸ್ಟೂಲಿನ ಮೇಲೆ ಹತ್ತಿ, ಒಂದು ಕಾಲನ್ನು ಹಿಂದಕ್ಕೆ ಗಾಳಿಯಲ್ಲಿ ಚಾಚಿ, ಕೊಡೆಯನ್ನು ಕತ್ತಿಯಂತೆ ಎತ್ತಿ ಹಿಡಿದರು. ಲವೀನಾಳ ಪೆನ್ಸಿಲ್ ಮೊದಲ ಬಾರಿ ಓಡಿತು. ಹೆಗಲು, ನಡು, ಬಿಗಿದ ತೊಡೆ, ಎಲ್ಲವೂ ಒಂದೇ ಬಾಗಿನಲ್ಲಿ ಕಾಗದಕ್ಕೆ ಇಳಿದವು.

“ಮಗಾ, ಮೊಣಕಾಲು ನಡುಗ್ತಾ ಉಂಟು.”

“ಇನ್ನು ಸ್ವಲ್ಪ, ಮಾಮ್. ಇನ್ನೂ ಮುಂದೆ ಬಾಗಿ. ಕೈ ಮಾತ್ರ ಬಾಕಿ.”

ಅವರು ಬಾಗಿದರು. ಸ್ಟೂಲ್ ಮಗುಚಿತು.

ಮಾಮಿ ಹಿತ್ತಿಲಿಂದ ಓಡಿ ಬರುವಷ್ಟರಲ್ಲಿ ಲವೀನಾ ಸ್ಟೂಲನ್ನು ಎತ್ತಿ ಗೋಡೆಗೆ ಸರಿಸಿಬಿಟ್ಟಿದ್ದಳು. ಮಾಮ ಅದನ್ನು ನೋಡಿದರು. ಅವಳ ಮುಖವನ್ನೂ ನೋಡಿದರು. “ಜಾರಿತು,” ಎಂದರು.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಅವಳು ಬಾಕಿಯಿದ್ದ ಕೈಯನ್ನು ಮುಗಿಸಿದಳು. ಚಿತ್ರವನ್ನು ಕ್ಲಾಸಿನಲ್ಲಿ ಎಲ್ಲರೂ ಹೊಗಳಿದರು.

* * *

ಇಗರ್ಜಿಯಲ್ಲಿ ಪೂಜೆ, ದಫನ ಮುಗಿಸಿ ಮರಳಿ, ಬಂದವರೆಲ್ಲ ಹೋದ ಮೇಲೆ ಸೆಲೀನ್ ಮಾಮಿ ನೆಲ ಒರೆಸುವ ಬಟ್ಟೆಯನ್ನು ಒಲೆಗೆ ತುರುಕುತ್ತಿದ್ದರು. ಅದು ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಕೆಮ್ಮುತ್ತಾ, ಅಳುತ್ತಾ ಅದನ್ನೇ ಕೋಲಿನಿಂದ ತಿವಿಯುತ್ತಿದ್ದರು.

“ಮಾಮಿ, ಬಿಡಿ. ನೆಲ ಒಣಗಿತ್ತು.”

ಉಳಿದದ್ದನ್ನು ಲವೀನಾ ನಿಂತಲ್ಲೇ ಹೇಳಿದಳು: ಸ್ಟೂಲು, ಕೊಡೆ, ನಡುಗಿದ ಮೊಣಕಾಲು, ‘ಇನ್ನೂ ಬಾಗಿ’ ಎಂದದ್ದು. ಮಾಮಿಯ ಕೈಯ ಕೋಲು ನಿಂತಿತು.

“ಇಷ್ಟು ದಿನ ನಾನು ಅವರ ಕಾಲು ಹಿಡಿದು ಕ್ಷಮೆ ಕೇಳುವಾಗ ನೀನು ಪಕ್ಕದಲ್ಲೇ ಕೂತಿದ್ದೆ, ಅಲ್ವಾ?”

“ಹೌದು.”

“ಅವರೂ ಹೇಳಲಿಲ್ಲ.”

“ನನಗೋಸ್ಕರ, ಮಾಮಿ.”

ಮಾಮಿ ಕೋಲನ್ನು ಒಲೆಯ ಪಕ್ಕಕ್ಕಿಟ್ಟರು. “ಎಲ್ಲಿ ಆ ಚಿತ್ರ?”

ಲವೀನಾ ಮೊಬೈಲಿನಲ್ಲಿ ತೆರೆದು ಕೊಟ್ಟಳು. ಕಬ್ಬಿಣದ ಕವಚ ತೊಟ್ಟ ತರುಣನೊಬ್ಬ ಬಂಡೆಯಿಂದ ಹಾರುತ್ತಿದ್ದ.

“ಮುಖ ಅವರದ್ದಲ್ಲ.”

“ಅಲ್ಲ. ಮುಖ ಬೇರೆ ಹಾಕಿದೆ.”

ಮಾಮಿ ತಮ್ಮ ಹೆಬ್ಬೆರಳಿನಿಂದ ಆ ತರುಣನ ಮುಖವನ್ನು ಮುಚ್ಚಿದರು. ಉಳಿದ ಮೈಯನ್ನು ಕಣ್ಣಿಗೆ ಹತ್ತಿರ ತಂದು ನೋಡಿದರು. ಬೆರಳನ್ನು ತುಸು ಸರಿಸಿ ಸರಿಮಾಡುವಷ್ಟರಲ್ಲಿ ಏನೋ ಒತ್ತಿಹೋಗಿ ಪರದೆ ಕಪ್ಪಾಯಿತು. ಲವೀನಾಳತ್ತ ತಿರುಗದೆಯೇ ಮೊಬೈಲನ್ನು ಚಾಚಿದರು.

“ಲೈಟ್ ಹೋಯಿತು. ಪುನಃ ಹಾಕು.”

ಹಾಕಿಕೊಟ್ಟಳು. ಹೆಬ್ಬೆರಳು ಮತ್ತೆ ಆ ಮುಖದ ಮೇಲೆ ಹೋಗಿ ಕುಳಿತಿತು.