ಹುಳುಮನೆಯಲ್ಲಿ ಹಸಿ ಬಾಣಂತಿ

"ಹೆತ್ತು ಹನ್ನೊಂದು ದಿನ ಆಯ್ತಲ್ಲೇ ಮುಂಡೆ! ಇನ್ನೂ ಕಾಲು ಚಾಚ್ಕೊಂಡು ಬಿದ್ದಿದ್ರೆ ಹುಳಕ್ಕೆ ಸೊಪ್ಪು ನಿಮ್ಮಪ್ಪ ಬಂದು ಹಾಕ್ತಾನಾ?"

ಗೌಡ ಆದಿನಾರಾಯಣಪ್ಪ ನನ್ನ ಗುಡಿಸಲ ಹೊರಗೆ ನಿಂತು ಕೂಗುತ್ತಿದ್ದ. ಒಳಗೆ ಕಾಲಿಡಲಿಲ್ಲ. ಬಾಣಂತಿಯ ಮೈಲಿಗೆ ಅವನಿಗೆ ಬೇಡ, ಬಾಣಂತಿಯ ಕೈ ಮಾತ್ರ ಬೇಕು. ಯುದ್ಧದ ಕಾಲ ಅದು. ವಿಮಾನದಿಂದ ಧುಮುಕುವ ಸೋಲ್ಜರುಗಳ ಛತ್ರಿಗೆ ರೇಷ್ಮೆ ಬೇಕಂತೆ, ನಮ್ಮ ಪಕ್ಕದ ವಿಜಯಪುರದ ಸಂತೆಯಲ್ಲಿ ರೇಷ್ಮೆಗೂಡಿಗೆ ಬಂಗಾರದ ಬೆಲೆ. ನನ್ನ ಕೈಗುಣದಲ್ಲಿ ಹುಳು ಸಾಯುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಹಾಳು ಕೈಗುಣ.

ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೊರಗೆ ಬಂದೆ.

"ಮೂರು ತಿಂಗಳು ಬಿಡಿ ಗೌಡ್ರೇ. ಹೋದ ಸಲ ಹನ್ನೆರಡನೇ ದಿನಕ್ಕೇ ಕರ್ಕೊಂಡ್ರಿ. ಹಾಲಿಲ್ದೆ ಒಣಗಿ ಸತ್ತೋಯ್ತು ನನ್ ಮಗ. ಇದೂ ಸಣ್ ಕೂಸು."

"ಮೂರು ತಿಂಗ್ಳಾ? ಮೈಸೂರು ಮಹಾರಾಣಿ ಏನೇ ನೀನು? ಹುಳ ಹಣ್ಣಾಗಿ ಗೂಡು ಕಟ್ಟೋಕೆ ಇನ್ನು ಏಳು ದಿನ. ಬರ್ದಿದ್ರೆ ಈ ಗುಡಿಸ್ಲು ಕಿತ್ತಾಕಿಸ್ತೀನಿ. ಜಾಗ ನಂದು, ಜ್ಞಾಪಕ ಇಟ್ಕೋ."

"ಮೈಲಿಗೆ?"

"ಅದಕ್ಕೇನು, ಗಂಜಲ ಎರಚಿದ್ರಾಯ್ತು."

ಎರಚಿಯೂ ಬಿಟ್ಟ. ತಲೆಯ ಮೇಲೆ, ಎದೆಯ ಮೇಲೆ. ಹಸುವಿನ ಗಂಜಲ ತೊಟ್ಟಿಕ್ಕುತ್ತಿದ್ದ ಸೀರೆಯಲ್ಲೇ ಹುಳುಮನೆ ಹೊಕ್ಕೆ.

ಅವನ ಮಗಳು ರುಕ್ಮಿಣಮ್ಮ ನನಗಿಂತ ಎರಡೇ ದಿನ ಮೊದಲು ಹೆತ್ತಿದ್ದಳು. ಇಬ್ಬರಿಗೂ ಹೆರಿಗೆ ಮಾಡಿಸಿದ್ದು ಒಬ್ಬಳೇ ಸೂಲಗಿತ್ತಿ, ಪಾಪಕ್ಕ. ಮಧ್ಯಾಹ್ನ ಬಚ್ಚಲ ಒಲೆಗೆ ಸೌದೆ ತುಂಬಿ ಬಂದವಳು ಹುಳುಮನೆಯ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು: "ರುಕ್ಮಿಣಮ್ಮಂಗೆ ಹರಳೆಣ್ಣೆ ತಿಕ್ಕಿ ಎರಡು ಹಂಡೆ ನೀರು ಹುಯ್ದೆ ಕಣಮ್ಮಾ. ಬೆಳ್ಳುಳ್ಳಿ, ಮೆಣಸು, ಬಿಸಿ ಅನ್ನಕ್ಕೆ ಮುಳುಗೋ ಹಂಗೆ ತುಪ್ಪ. ಐದು ತಿಂಗ್ಳು ಮಂಚ ಇಳೀಬಾರ್ದು ಅಂದವ್ರೆ ಗೌಡ್ರು."

ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ಉರಿದುಹೋಯಿತು. ಅವಳ ತುಪ್ಪಕ್ಕೆ ಉರಿಯಿತು, ಮಂಚಕ್ಕೆ ಉರಿಯಿತು. ಅವಳ ಕೂಸು ಅತ್ತ ತಕ್ಷಣ ಸುಮ್ಮನಾಗುತ್ತಿತ್ತಲ್ಲ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಆ ಅಳು ಕೇಳಿದರೆ ನನ್ನ ಎದೆಯಲ್ಲಿ ಹಾಲು ಇಳಿದು ಕುಪ್ಪಸ ತೊಯ್ಯುತ್ತಿತ್ತು. ನನ್ನದು ಗುಡಿಸಲಲ್ಲಿ ಸಕ್ಕರೆ ನೀರಿನ ಬಟ್ಟೆ ಚೀಪುತ್ತಿತ್ತು. ಹುಳುಗಳ ಮೇಲೂ ಹೊಟ್ಟೆಕಿಚ್ಚು ನನಗೆ. ಹಗಲೊಂದಕ್ಕೇ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು, ತಿನಿಸುತ್ತಿದ್ದವಳು ನಾನೇ.

ಮೂರನೆಯ ದಿನ ರುಕ್ಮಿಣಮ್ಮ ಬಚ್ಚಲಿಗೆ ಹೋಗುವವಳು ಹುಳುಮನೆ ಬಾಗಿಲಲ್ಲಿ ಇಣುಕಿದಳು.

"ಎಷ್ಟು ದಪ್ಪ ಆಗವೆ ಹುಳ!" ಎಂದು ಹೊಸ್ತಿಲಿಗೆ ಕಾಲೆತ್ತಿದಳು.

"ಅಯ್ಯೋ ಬೇಡ ಮಗಾ!" ಗೌಡ ಅಂಗಳದಿಂದ ಓಡಿ ಬಂದ. "ಹಸಿ ಬಾಣಂತಿ ತುಳಿದ್ರೆ ಹುಳ ಸಾಯ್ತವೆ. ಬಾರವ್ವ, ಶೀತ ಆದಾತು."

ಮಗಳ ಹೆಗಲಿಗೆ ಶಾಲು ಹೊದೆಸಿದ. ಆ ಬಾಯಿಂದ ಅಷ್ಟು ಮೆತ್ತನೆಯ ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ನಾನು ಅವ್ರಿಗಿಂತ ಹಸಿ ಗೌಡ್ರೇ," ಅಂದೆ. "ಅವ್ರು ಹೆತ್ತು ಎರಡು ದಿನ ಆದ್ಮೇಲೆ ಹೆತ್ತೋಳು ನಾನು."

"ನಿಂಗೆ ಗಂಜಲ ಎರಚಿಲ್ವಾ?"

"ಅವ್ರಿಗೂ ಎರಚಿ. ಅವ್ರೂ ಬಂದು ಸೊಪ್ಪು ಹಾಕ್ಲಿ."

ಚಪ್ಪಲಿ ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿಯಿತು. "ಲೌಡಿ! ನನ್ ಮಗಳು, ನೀನು ಒಂದೇನೇ? ಬೀದಿ ನಾಯಿಗೆ ಯಾವ ಬಾಣಂತನ!"

ಸೊಪ್ಪಿನ ಬುಟ್ಟಿ ಕೆಳಗಿಟ್ಟೆ. ಗುಡಿಸಲಿಗೆ ಹೋದೆ. ಕೂಸನ್ನು ಎತ್ತಿಕೊಂಡು ಅದೇ ಅಂಗಳದಲ್ಲಿ, ಎಲ್ಲರ ಕಣ್ಣೆದುರು ನಡೆದು ಬಂದು, ಹುಳುಮನೆಯ ನಟ್ಟನಡುವೆ, ಹುಳು ಮೇಯುವ ಬಿದಿರು ತಟ್ಟೆಗಳ ಮಧ್ಯೆ ಕುಕ್ಕರಿಸಿದೆ. ಕುಪ್ಪಸ ಬಿಚ್ಚಿ ಮೊಲೆ ಕೊಟ್ಟೆ.

ಹೆತ್ತವಳನ್ನು ಗಂಜಲದಲ್ಲಿ ತೊಳೆಯಬಹುದು. ಹೆಸರಿಡದ ಕೂಸನ್ನು ಹುಳುಮನೆಗೆ ತಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಸೊಪ್ಪು ಹೊತ್ತು ತಂದ ಆಳು ಪಿಳ್ಳಣ್ಣ ಬುಟ್ಟಿಯನ್ನು ಹೊಸ್ತಿಲಾಚೆಯೇ ಇಳಿಸಿದ.

"ಒಳೀಕೆ ಹೋಗೋ!" ಗೌಡ ಗದರಿದ.

"ಆಗಲ್ಲ ಗೌಡ್ರೇ. ನಮ್ ಮನೇಲೂ ಎರಡು ತಟ್ಟೆ ಹುಳ ಐತೆ. ಈ ಮೈಲಿಗೆ ತುಳ್ಕೊಂಡು ಹೋದ್ರೆ ಅವು ಉಳೀತವಾ? ನೀವೇ ಹೋಗಿ."

ಗೌಡ ಹೊಸ್ತಿಲವರೆಗೆ ಬಂದ. ಕಾಲು ಎತ್ತಿದ. ಮತ್ತೆ ಅಲ್ಲೇ ಇಟ್ಟ. ಹೊತ್ತು ಏರಿತು. ಬುಟ್ಟಿಯ ಸೊಪ್ಪು ಬಿಸಿಲಿಗೆ ಬಾಡತೊಡಗಿತು. ತಟ್ಟೆಗಳಲ್ಲಿ ಚರಚರ ಮೇಯುವ ಸದ್ದು ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು.

"ತಗೊಳ್ಳೇ, ಮೂರು ತಿಂಗ್ಳು ಕೊಟ್ಟೆ," ಅಂದ ಕೊನೆಗೆ. "ಎದ್ ಬಾರೇ ತಾಯಿ."

ಕೂಸನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಿದೆ.

"ಇರಿ ಗೌಡ್ರೇ. ಇನ್ನೊಂದು ಮೊಲೆ ಬಾಕಿ ಐತೆ."

ನನ್ನ ಸುತ್ತ ತಟ್ಟೆ ತಟ್ಟೆಯಲ್ಲೂ ಸಾವಿರಾರು ಹುಳುಗಳು ತಲೆ ಎತ್ತಿ, ಸೊಪ್ಪು ಹುಡುಕುತ್ತ ಆ ಕಡೆ ಈ ಕಡೆ ಆಡಿಸುತ್ತಿದ್ದವು.